ಬಡಗಿಯ ಉದ್ದನೆಯ ಸಂಜೆ

ನಮ್ಮ ಬೀದಿಯ ಬಡಗಿ ಕುಡಿತ ಬಿಟ್ಟು ಎಷ್ಟೋ ವರ್ಷಗಳಾದರೂ, ಸಂಜೆಯೆಂಬುದು ಇಷ್ಟು ಉದ್ದವಿರುತ್ತದೆಂಬ ಅವನ ಬೆರಗು ಮಾತ್ರ ಇನ್ನೂ ಹಳತಾಗಿಲ್ಲ. ಉಳಿ, ಕೊಡತಿಗಳನ್ನು ಚೀಲಕ್ಕೆ ಹಾಕಿದನೆಂದರೆ ಬೀದಿಯನ್ನೆಲ್ಲ ತಪಾಸಣೆ ಮಾಡಲು ಹೊರಟನೆಂದೇ ಅರ್ಥ. ದರ್ಜಿಯ ಅಂಗಡಿಗೆ ಇಣುಕಿ, "ಗುಂಡಿ ಬುಡಕ್ಕೆ ದಾರ ಯಾಕಪ್ಪಾ ಸುತ್ತೋದು?" ಎನ್ನುತ್ತಾನೆ, ಗುಬ್ಬಚ್ಚಿಗಳು ಮರದಲ್ಲಿ ಜಾಗಕ್ಕೆ ಜಗಳವಾಡಿದರೆ ತೀರ್ಪು ಬರುವವರೆಗೂ ಕತ್ತೆತ್ತಿ ನಿಂತಿರುತ್ತಾನೆ, ಕೊತ್ತಂಬರಿ ಕಟ್ಟನ್ನು ಮೂಗಿಗೆ ಹಿಡಿದು, "ಇದಕ್ಕೆ ಮೊದಲಿಂದಲೂ ಈ ವಾಸನೆ ಇತ್ತಾ ಅಕ್ಕಾ?" ಎಂದು ತರಕಾರಿಯವಳನ್ನು ಕೇಳುತ್ತಾನೆ. "ಇತ್ತಪ್ಪಾ, ನಿನ್ನ ಮೂಗೇ ಊರಲ್ಲಿರಲಿಲ್ಲ," ಎನ್ನುತ್ತಾಳೆ ಅವಳು. ಕುಡಿತ ಬಿಟ್ಟದ್ದಕ್ಕೆ ಏನು ಸಿಕ್ಕಿತೆಂದು ಯಾರಾದರೂ ಕೆಣಕಿದರೆ, ನಡುಗದ ಕೈಯನ್ನು ಚಾಚಿ ತೋರಿಸುತ್ತಾನೆ. ಹೆಂಡತಿಯ ವಿಷಯ ಮಾತ್ರ ಬಾಯಿಬಿಡುವುದಿಲ್ಲ. ಹಿಂದೆ ಅವಳು ಕಿಟಕಿಯಲ್ಲಿ ನಿಂತು ಅವನ ನಡಿಗೆ ನೋಡಿ, ಮಗಳನ್ನು ಪಕ್ಕದ ಮನೆಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದಳು. ಅವನು ಕುಡಿತ ಬಿಟ್ಟ ಮೇಲೂ, ಮಗಳು ಮದುವೆಯಾಗಿ ಹೋದ ಮೇಲೂ ಅವಳು ಕಿಟಕಿ ಬಿಡಲಿಲ್ಲ. ಯಾಕೆಂದು ಕೇಳುವ ಮುಖ ಅವನಿಗಿರಲಿಲ್ಲ. ಮೊನ್ನೆ ಸಂಜೆ ನೋಡಿದರೆ ಕಿಟಕಿ ಖಾಲಿ. ಚೀಲವನ್ನು ಜಗುಲಿಯಲ್ಲೇ ಎಸೆದು ಒಳಗೆ ಓಡಿದ. ಬಾಗಿಲಿಗೆ ಬೆನ್ನು ಹಾಕಿ ಕೂತು ಬಟಾಣಿ ಬಿಡಿಸುತ್ತಿದ್ದ ಅವಳು ತಿರುಗಿಯೂ ನೋಡದೆ, "ಬಂದ್ರಾ? ಕೈಕಾಲು ತೊಳ್ಕೊಳ್ಳಿ," ಎಂದಳು. ಅವನು ಹೊಸ್ತಿಲಲ್ಲೇ ನಿಂತು ಆ ಬೆನ್ನನ್ನು ಕಣ್ತುಂಬ ನೋಡಿದ.