ಲಾರಿಗೆ ಜಡೆ ಹಾಕಿದ್ದು

ಚಲಿಸುವುದೆಲ್ಲ ಒಂದು ದಿನ ನಿಲ್ಲಲೇಬೇಕೆಂಬುದು ಜಗತ್ತಿನ ನಿಯಮ. ನಮ್ಮ ಲಾರಿ ಮಾತ್ರ ಈ ನಿಯಮಕ್ಕೆ ಸಹಿ ಹಾಕಿರಲಿಲ್ಲ.

ಅಮೀರ್‌ಪೇಟೆಯ ಗಲ್ಲಿಗಲ್ಲಿಯಲ್ಲೂ ಕಂಪ್ಯೂಟರ್ ಕಲಿಸುವ ಶಾಲೆಗಳು, ಕಲಿಯಲು ಬಂದವರಿಗೆ ಹಾಸ್ಟೆಲುಗಳು ಏಳುತ್ತಿದ್ದ ಕಾಲವದು. ಅಮೆರಿಕದ ಕನಸು ಕಂಡವನೂ ಎದ್ದ ಮೇಲೆ ಮುಖ ತೊಳೆಯಬೇಕಷ್ಟೆ. ಹಾಗಾಗಿ ನಾನೂ ನನ್ನ ತಂಗಿ ಮಹಾದೇವಿಯ ಗಂಡ ಶರಣಪ್ಪನೂ ಸೇರಿ, ಇಟ್ಟಿಗೆ ಹೊತ್ತು ಹಣ್ಣಾದ ಹಳೆಯ ಲಾರಿಯೊಂದನ್ನು ನೀರಿನ ಟ್ಯಾಂಕರ್ ಮಾಡಲು ಹೊರಟೆವು. ಜೀಡಿಮೆಟ್ಲಾದ ಗ್ಯಾರೇಜಿನ ಖಲೀಲ್ ಭಾಯಿ, ನೀರಿನ ಭಾರ ತಡೆಯಲೆಂದು ಸ್ಪ್ರಿಂಗಿನ ಪಟ್ಟಾಗಳನ್ನು ಹೆಚ್ಚಿಸಿ ಲಾರಿಯ ಮೈಯನ್ನು ಎತ್ತರಿಸಿದರು. ಮೈ ಮೇಲೇರಿತು, ಚಕ್ರಗಳು ನೆಲ ಬಿಡಲಿಲ್ಲ. ನಡುವೆ ಬ್ರೇಕಿನ ಎಣ್ಣೆ ಒಯ್ಯುವ ಹಳೆಯ ರಬ್ಬರ್ ಕೊಳವೆ ಗಿಡ್ಡವಾಗಿಹೋಯಿತು.

ನನ್ನ ಮತ ಸ್ಪಷ್ಟವಿತ್ತು: ಕಬ್ಬಿಣದ ಪೈಪು.

“ಅದು ಬಾಗಂಗಿಲ್ರಿ ಭಾವಾರ, ಗಾಲಿ ಕುಣದ್ರ ಮುರೀತೈತಿ,” ಎಂದ ಶರಣಪ್ಪ. “ಇಳಿಜಾರಿನ್ಯಾಗ ಸ್ಟೇರಿಂಗ್ ಹಿಡಿಯಾಂವ ನಾನು. ನೀವು ಮನ್ಯಾಗ ಚಾ ಕುಡೀತಿರ್ತೀರಿ.”

ಖಲೀಲ್ ಭಾಯಿ ಬೇರೊಂದು ಕೊಳವೆ ತಂದರು. ಮೈಸುತ್ತ ಉಕ್ಕಿನ ಎಳೆ ಹೆಣೆದದ್ದು, ಬೆರಳಿಗಿಂತ ತೆಳ್ಳಗೆ, ಬಳುಕುವಂಥದ್ದು. ನನ್ನ ಕಬ್ಬಿಣ ಜಡ. ಅದಕ್ಕೊಂದು ಎತ್ವ ಕೊಟ್ಟರೆ ಇದು, ಜಡೆ. ವ್ಯಾಕರಣ ನನ್ನನ್ನು ಒಪ್ಪಿಸಿತು. ಆದರೆ ಜೋಲಾಡುವುದೆಂದರೆ ನನಗಾಗದು. ಖಲೀಲ್ ಭಾಯಿ ಅದನ್ನು ಜೋಡಿಸಿ ನಮಾಜಿಗೆ ಹೋದಾಗ, ಕೆಳಗಿಳಿಬಿದ್ದ ಭಾಗವನ್ನು ಮೇಲೆಳೆದು ತಂತಿಯಿಂದ ಅಚ್ಚುಕಟ್ಟಾಗಿ ಬಿಗಿದು ಕಟ್ಟಿದೆ.

ಊಟದ ಡಬ್ಬಿ ತಂದ ಮಹಾದೇವಿ ಬಗ್ಗಿ ನೋಡಿ ನಕ್ಕಳು. “ಯಾರಣ್ಣಾ ಈ ಜಡಿ ಹಾಕಿದವ್ರು? ಸಾಲಿ ಹುಡುಗಿಗೆ ಬಿಗದಂಗ ಬಿಗದೀರಿ. ಅಕಿ ಹೊಳ್ಳಿ ನೋಡಬೇಕಂದ್ರ ಕುತ್ಗಿ ತಿರುಗ್ತೈತೇನು?”

ಮರಳಿ ಬಂದ ಖಲೀಲ್ ಭಾಯಿ ಜಾಕಿನಿಂದ ಲಾರಿಯನ್ನೆತ್ತಿ ಮುಂಚಕ್ರ ಇಳಿಬಿಟ್ಟರು. ಶರಣಪ್ಪ ಸ್ಟೇರಿಂಗ್ ಪೂರ್ತಿ ತಿರುಗಿಸಿದ. ಕೊಳವೆ ತಂಬೂರಿಯ ತಂತಿಯಂತೆ ಸೆಟೆದು ನಿಂತಿತು. ಮಹಾದೇವಿಯ ನಗು ಅಲ್ಲೇ ನಿಂತುಹೋಯಿತು. ಆ ಸ್ಟೇರಿಂಗಿನ ಹಿಂದಿದ್ದವನು ಅವಳ ಗಂಡ.

ಕಟ್ಟು ಬಿಚ್ಚಿದೆವು. ಇನ್ನೊಮ್ಮೆ ಚಕ್ರ ತಿರುಗಿತು. ಲಾರಿಯಡಿ ಅಂಗಾತ ಮಲಗಿ ನಾನು ಕಂಡದ್ದನ್ನು, ಮಿತ್ರರೇ, ಹೇಗೆ ಹೇಳಲಿ? ಚಕ್ರ ಎಡಕ್ಕೆ ಹೊರಳಿದರೆ ಜಡೆಯೂ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ, ಎಲ್ಲೂ ತಗುಲದೆ, ಎಲ್ಲೂ ಎಳೆಯದೆ, ಒಳಗಿನ ಎಣ್ಣೆಗೆ ಹೊರಗಿನ ಕುಣಿತದ ಸುದ್ದಿಯನ್ನೇ ಮುಟ್ಟಿಸದೆ ಓಲಾಡಿತು. ಮೇಲೆ ಒಬ್ಬ ಮನುಷ್ಯನ ಪಾದ, ಕೆಳಗೆ ಒಂದು ಕೆರೆಯಷ್ಟು ನೀರಿನ ಅವಸರ. ಎರಡರ ನಡುವಿನ ಸಂಧಾನವೆಲ್ಲ ಈ ಸಡಿಲದೊಳಗಿತ್ತು. ಸಡಿಲವೆಂದರೆ ಸೋಮಾರಿತನವೆಂದೇ ತಿಳಿದಿದ್ದ ನಾನು ಬೆನ್ನಿಗೆ ಗ್ರೀಸು ಮೆತ್ತಿದ್ದನ್ನೂ ಮರೆತು ಕೈಮುಗಿದೆ.

ಮೊದಲ ಲೋಡಿಗೆ ಮಹಾದೇವಿಯೂ ಹಟ ಹಿಡಿದು ಕ್ಯಾಬಿನ್ ಹತ್ತಿದಳು. “ಚಾ ಆಮ್ಯಾಲ ಕುಡಿಯೂವಂತಿ, ಹತ್ತಣ್ಣಾ,” ಎಂದು ನನ್ನನ್ನೂ ಹತ್ತಿಸಿದಳು. ತುಂಬಿದ ಟ್ಯಾಂಕರ್ ಇಳಿಜಾರಿಗೆ ಬಿದ್ದಾಗ, ಕೆಳಗೆ ಫೈಲು ಹಿಡಿದ ಹುಡುಗರ ಗುಂಪೊಂದು ಅತ್ತಿತ್ತ ನೋಡದೆ ರಸ್ತೆಗಿಳಿಯಿತು. ಮಹಾದೇವಿ ತನ್ನ ಜಡೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ಶರಣಪ್ಪ ಬ್ರೇಕ್ ಒತ್ತಿದ.

ಲಾರಿ ನಿಂತಿತು.