ಕಣ್ಣು ಮುಚ್ಚಿದ ಅಜ್ಜನ ಚಿತ್ರ

ನಾನಿನ್ನೂ ಚಿಕ್ಕವನು, ಗೋಕಾಕದ ಶಾಲೆಯಲ್ಲಿ ಐದನೇ ಇಯತ್ತೆ ಓದುತ್ತಿದ್ದೆ. ದೇಶದಲ್ಲಿ ಇಂಗ್ಲಿಷರ ಆಳಿಕೆಯಿತ್ತು, ನಮ್ಮ ಮನೆಯಲ್ಲಿ ಅಜ್ಜನ ಆಳಿಕೆ. ಆ ವರ್ಷ ಹುಕ್ಕೇರಿಯಿಂದ ಚಿತ್ರಕಲೆಯ ಮಾಸ್ತರರೊಬ್ಬರು ಹೊಸದಾಗಿ ಬಂದರು. ತಲೆಗೆ ಕೆಂಪು ರುಮಾಲು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಮೊದಲ ದಿನವೇ ಅವರು, "ಮಾವಿನಕಾಯಿ, ತಂಬಿಗಿ ತಗದಿದ್ದು ಸಾಕ್ರಪಾ. ಇನ್ನ ಮನಷ್ಯಾರ ಮಾರಿ ತಗೀರಿ. ಗರಡಿಮನಿ ತಾಲೀಮು ಇದ್ದಂಗ ಅದು, ಒಂದ ದಿನ ಬಿಟ್ಟರೂ ಮೈ ಮರೀತೈತಿ," ಎಂದರು.

ಮುಖದ ಚಿತ್ರ ಕಲಿಯಲು ನನಗೊಂದು ವಹಿ ಬೇಕಾಯಿತು. ಅಕ್ಕ ಖಾಲಿ ಕಾಗದಗಳನ್ನು ಮಡಚಿ, ದಬ್ಬಣದಿಂದ ಹೊಲಿದು, ಅವ್ವನ ಹಳೆಯ ಸೀರೆಯ ಸೆರಗಿನ ತುಂಡನ್ನು ರಟ್ಟಿಗೆ ಅಂಟಿಸಿ ಕೊಟ್ಟಳು. ಅದಕ್ಕೆ ಮೆಂತೆಯ ಅಂಟಿನ ವಾಸನೆ ಇತ್ತು. ಮಾಸ್ತರರು ಹೇಳಿಕೊಟ್ಟ ಉಪಾಯಗಳನ್ನೆಲ್ಲ ನಾನು ಅದರಲ್ಲಿ ಒಂದೊಂದಾಗಿ ಮಾಡಿ ನೋಡಿದೆ. ಪೆನ್ಸಿಲನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಮೂಗಿನ ಉದ್ದ ಅಳೆಯುವುದು ಒಂದು. ಹರಿದ ಸಾಣಿಗೆಯ ಚೌಕಟ್ಟಿಗೆ ಉದ್ದಕ್ಕೂ ಅಡ್ಡಕ್ಕೂ ದಾರ ಕಟ್ಟಿ, ಅದರ ಆಚೆ ಅಕ್ಕನನ್ನು ಕೂಡಿಸಿ, ದಾರದ ಯಾವ ಚೌಕದಲ್ಲಿ ಗಲ್ಲ ಬಂತು, ಯಾವ ಚೌಕದಲ್ಲಿ ಕಿವಿ ಬಂತು ಎಂದು ನೋಡಿ ಬರೆಯುವುದು ಇನ್ನೊಂದು. ಕಾಗದದ ಕಡೆ ನೋಡದೆ ಮುಖವನ್ನಷ್ಟೇ ನೋಡುತ್ತ ಗೆರೆ ಎಳೆಯುವುದೂ ಇತ್ತು. ಹಾಗೆ ಬರೆದಾಗ ಅಕ್ಕನ ಮೂಗು ಅವಳ ಹೆರಳಿನವರೆಗೆ ಹೋಯಿತು. "ಇದು ನಾನಲ್ಲ, ನಮ್ಮ ಎಮ್ಮಿ," ಎಂದು ಅವಳು ಎದ್ದು ಹೋದಳು. ಒಬ್ಬರನ್ನು ಕಿಟಕಿಯ ಪಕ್ಕ ಕೂಡಿಸಿ, ಗೆರೆಯೇ ಎಳೆಯದೆ, ನೆರಳು ಬಿದ್ದ ಕಡೆ ಮಾತ್ರ ಇದ್ದಿಲು ತಿಕ್ಕುವ ಉಪಾಯ ನನಗೆ ಎಲ್ಲಕ್ಕಿಂತ ಸೇರಿತು.

ನನಗೆ ಎಲ್ಲವನ್ನೂ ಬರೆದಿಡುವ ಚಾಳಿ. ಪ್ರತಿ ಚಿತ್ರದ ಕೆಳಗೆ ಯಾರು ಕುಳಿತರು, ಯಾವ ತಿಥಿ, ಯಾವ ವಾರ ಎಂದು ದುಂಡಗೆ ಬರೆಯುತ್ತಿದ್ದೆ. ಕೊನೆಯ ಪುಟದಲ್ಲಿ ಮೂಗು, ಕಿವಿ, ಗಲ್ಲ, ಕಣ್ಣು ಎಂದು ಸಾಲು ಹಾಕಿ, ಒಂದು ಬರೆದರೆ ಒಂದು ಗೆರೆ ಹೊಡೆಯುತ್ತಿದ್ದೆ. ಮೂಗಿನ ಸಾಲು ಪುಟದ ಅಂಚು ಮುಟ್ಟಿತ್ತು. ಕಣ್ಣಿನ ಸಾಲಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಆಗ ಮಕ್ಕಳು ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ನೋಡುವಂತಿರಲಿಲ್ಲ. ಮಾತಾಡಿಸಿದರೆ ನೆಲ ನೋಡಿ ಉತ್ತರ ಕೊಡಬೇಕು. ತಲೆ ಎತ್ತಿದರೆ, "ಏನೋ ದುರುಗುಟ್ಟತಿ," ಎಂದು ಬೈಸಿಕೊಳ್ಳಬೇಕು. ನೋಡದೆ ಬರೆದ ಕಣ್ಣು ಮೀನಿನ ಕಣ್ಣಿನಂತಾಗಿ ಇಡೀ ಮುಖ ಕೆಡುತ್ತಿತ್ತು. ಅದಕ್ಕೇ ನಾನು ಕೆಳಗೆ ನೋಡುವವರನ್ನು, ಪಕ್ಕಕ್ಕೆ ತಿರುಗಿದವರನ್ನು ಹುಡುಕಿ ಹುಡುಕಿ ಬರೆಯುತ್ತಿದ್ದೆ.

ಶ್ರಾವಣದ ಒಂದು ಸೋಮವಾರ ಅಜ್ಜ ಮಠದ ಪೂಜೆ ಮುಗಿಸಿ ಬಂದ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಮಠದಲ್ಲಿ ಹಾಕಿದ ಕಣಗಿಲೆಯ ಹಾರ. ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಕುಳಿತವನು ಹಾಗೇ ನಿದ್ದೆ ಹೋದ. ಹೊರಗೆ ಜಿಟಿಜಿಟಿ ಮಳೆ, ಬಾಗಿಲಿನಿಂದ ಒಂದೇ ಕಡೆ ಬೆಳಕು. ಅಲುಗದ ಮುಖ, ಮುಚ್ಚಿದ ಕಣ್ಣು. ಇದಕ್ಕಿಂತ ಏನು ಬೇಕು? ನಾನು ಇದ್ದಿಲು ತಿಕ್ಕಿ ಕೆನ್ನೆಯ ಕುಳಿ ಬರೆದೆ, ವಿಭೂತಿಗೆ ಕಾಗದವನ್ನು ಬೆಳ್ಳಗೇ ಬಿಟ್ಟೆ, ಹಾರದ ಒಂದೊಂದು ಹೂವನ್ನೂ ಬಿಡದೆ ತುಂಬಿದೆ. ಕೆಳಗೆ ಅಜ್ಜನ ಹೆಸರು, ತಿಥಿ, ವಾರ ಬರೆದೆ. ನಾನು ಅಲ್ಲಿಯವರೆಗೆ ಬರೆದ ಚಿತ್ರಗಳಲ್ಲಿ ಅದೇ ಎಲ್ಲಕ್ಕಿಂತ ಚಂದ ಬಂದಿತ್ತು.

ಮರುದಿನ ಚಕ್ಕಡಿಯವನೊಬ್ಬ ನಮ್ಮ ಮನೆಯಿಂದ ಮೂಡಲಗಿಗೆ ಶೇಂಗಾ ಚೀಲ ಒಯ್ಯುವವನಿದ್ದ. ಮೂಡಲಗಿ ಅತ್ತೆಯ ಊರು. ಅತ್ತೆ ಅಂದರೆ ಅಪ್ಪನ ತಂಗಿ, ಅಜ್ಜನ ಒಬ್ಬಳೇ ಮಗಳು. ಅವಳು ಮೆಚ್ಚಲಿ ಎಂದು ನಾನು ಆ ಹಾಳೆಯನ್ನು ಬಿಡಿಸಿ, ಮಡಚಿ, ಅವನ ಕೈಗೆ ಕೊಟ್ಟೆ. ಅವನು ಅದನ್ನು ಅತ್ತೆಯ ಮನೆಯ ಹುಡುಗನ ಕೈಗಿಟ್ಟು, "ಗೋಕಾಕದಿಂದ ಕಳಿಸ್ಯಾರ," ಎಂದಷ್ಟೇ ಹೇಳಿ ಪೇಟೆಗೆ ಹೋದನಂತೆ.

ಆ ಹಾಳೆ ಅತ್ತೆಗೆ ಹೇಗೆ ಕಂಡಿತು ಎಂದು ತಿಳಿಯಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ಗೊತ್ತಿರಬೇಕು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹಾರ ಹಾಕುತ್ತಾರೆ. ಆಗ ಬಹಳ ಜನಕ್ಕೆ ಬದುಕಿದ್ದಾಗ ಒಂದು ಚಿತ್ರವೂ ಇರುತ್ತಿರಲಿಲ್ಲ. ಹಾಗೆ ಕೂಡಿಸಿದಾಗಲೇ ಉಳ್ಳವರು ಫೋಟೋ ತೆಗೆಸುತ್ತಿದ್ದರು, ಇಲ್ಲದವರು ಚಿತ್ರಗಾರನಿಂದ ಬರೆಸುತ್ತಿದ್ದರು. ಕೆಳಗೆ ಹೆಸರನ್ನೂ ತೀರಿಕೊಂಡ ತಿಥಿಯನ್ನೂ ಬರೆಸಿ ಪಡಸಾಲೆಯಲ್ಲಿ ತೂಗುಹಾಕುತ್ತಿದ್ದರು. ಅಂಥ ಚಿತ್ರಗಳನ್ನು ನಾನು ಮನೆಮನೆಯಲ್ಲಿ ನೋಡಿದ್ದೆ. ಆದರೂ ಬರೆಯುವಾಗ ನನಗೆ ಅದು ಹೊಳೆಯಲಿಲ್ಲ.

ಗುರುವಾರ ಮಳೆ ನಿಂತು ಬಿಸಿಲು ಬಿದ್ದಿತ್ತು. ಅಪ್ಪ ಅಂಗಳದಲ್ಲಿ ಉಳ್ಳಾಗಡ್ಡೆ ಹರವಿ ಕೊಳೆತದ್ದನ್ನು ಆರಿಸುತ್ತಿದ್ದ. ನಾನು ಹೊಸ್ತಿಲ ಮೇಲೆ ಕುಳಿತು ಅವನ ಕಿವಿಯನ್ನು ಬರೆಯುತ್ತಿದ್ದೆ. ಓಣಿಯ ತುದಿಯಲ್ಲಿ ಚಕ್ಕಡಿಯ ಗೆಜ್ಜೆ ಕೇಳಿತು, ಅದರ ಹಿಂದೆಯೇ ಹೆಂಗಸಿನ ಅಳು. ಚಕ್ಕಡಿ ನಿಲ್ಲುವ ಮೊದಲೇ ಅತ್ತೆ ಇಳಿದು, ಬಿಚ್ಚಿದ ಕೂದಲಲ್ಲಿ, ಕೆಸರು ಮೆತ್ತಿದ ಸೀರೆಯಲ್ಲಿ ಓಡಿ ಬಂದು ಅಂಗಳದಲ್ಲಿ ಕುಸಿದಳು. ಅಳುವಿನಲ್ಲಿ ಅವಳ ಮಾತೇ ತಿಳಿಯುತ್ತಿರಲಿಲ್ಲ. ಮೂಡಲಗಿಯಲ್ಲಿ ಅವಳ ಗಂಡನ ತಾಯಿಗೆ ಏನೋ ಆಗಿದೆ ಎಂದುಕೊಂಡ ಅಪ್ಪನೂ ಧೋತರದ ಚುಂಗನ್ನು ಬಾಯಿಗೆ ಒತ್ತಿ ಅಳತೊಡಗಿದ. ಹಿಂದೆ ಬಂದ ಅತ್ತೆಯ ಗಂಡ ಮಾಮಾನನ್ನು, "ಯಾವಾಗ ಆತ್ರಿ?" ಎಂದು ಕೇಳಿದ.

"ನಮ್ಮನ್ನ ಕೇಳ್ತೀರಿ?" ಎಂದರು ಮಾಮಾ. ಅವರ ದನಿ ಗಡುಸಾಗಿತ್ತು. "ಮಣ್ಣ ಮಾಡಿ ಮುಗಿಸಿದವರು ನೀವು."

ಅತ್ತೆಗೆ ಆಗ ಮಾತು ಬಂತು. "ಕಡೀಗೊಮ್ಮಿ ನಮ್ಮಪ್ಪನ ಮಾರಿ ನೋಡಾಕ ನಾ ನಿನಗ ಬ್ಯಾಡಾದ್ನಿ ಏನೋ ಅಣ್ಣಾ. ಒಂದ ಹಿಡಿ ಮಣ್ಣ ಹಾಕೂ ಹಕ್ಕೂ ನನಗ ಇರಲಿಲ್ಲೇನೋ."

ಅಷ್ಟರಲ್ಲಿ ಓಣಿಯ ಜನ ಬೇಲಿಯವರೆಗೆ ನೆರೆದಿದ್ದರು. ಅಪ್ಪನ ಕೈಯಲ್ಲಿ ಒಂದು ಉಳ್ಳಾಗಡ್ಡೆ ಹಾಗೇ ಉಳಿದಿತ್ತು. ಆಗ ಹಿತ್ತಲಲ್ಲಿ ಎಮ್ಮೆಗೆ ಹಗ್ಗ ಹೊಸೆಯುತ್ತಿದ್ದ ಅಜ್ಜ, ಕೈಗೆ ಅಂಟಿದ ನಾರನ್ನು ಕೊಡವುತ್ತ ಒಳಬಾಗಿಲಿನಿಂದ ಬಂದ.

"ಇಷ್ಟ ಅಳಾಕತ್ತೀರಿ, ಯಾರ್ ಹೋದ್ರವಾ? ಹೇಳ್ರಿ, ನಾನೂ ಅಳತೇನಿ."

ಅತ್ತೆಯ ಅಳು ಅರ್ಧಕ್ಕೇ ನಿಂತಿತು. ಅವಳು ಎದ್ದು ಬಂದು ಅಜ್ಜನ ತೋಳು ಹಿಂಡಿದಳು, ಕಿವಿ ಮುಟ್ಟಿದಳು. "ಅಪ್ಪಾ, ನೀ ಅದಿ?"

"ಅದೀನಲ್ಲ. ಎಲ್ಲಿ ಹೋಗಲಿ?"

ಮಾಮಾ ರುಮಾಲಿನ ಮಡಿಕೆಯಿಂದ ನನ್ನ ಹಾಳೆಯನ್ನು ತೆಗೆದು ಅಪ್ಪನ ಕೈಗೆ ಕೊಟ್ಟರು. ಗೋಡೆ, ವಿಭೂತಿ, ಹಾರ, ಮುಚ್ಚಿದ ಕಣ್ಣು, ಕೆಳಗೆ ದುಂಡಗಿನ ಅಕ್ಷರದಲ್ಲಿ ತಿಥಿ. ಅಪ್ಪ ನೋಡಿದ, ಆಮೇಲೆ ನನ್ನನ್ನು ನೋಡಿದ. ಬೇಲಿಯ ಹತ್ತಿರ ನಿಂತಿದ್ದ ನೆರೆಮನೆಯ ಮುದುಕಿ ಕತ್ತು ಚಾಚಿ ಹಾಳೆಯನ್ನು ನೋಡಿ, "ಕಲತ ಹುಡುಗ್ರ ಕೆಲಸಾ ನೋಡ್ರೆವಾ. ಜೀವಂತ ಮನಷ್ಯಾನ್ನ ಮಣ್ಣಿಗೆ ಹಚ್ಚ್ಯಾನ. ತಮ್ಮಾ, ನಂದೂ ತಗದಿಟ್ಟಿದ್ರ ಹೇಳಪಾ, ಸೀರಿ ಒಗದು ಇಟ್ಕೋತೇನಿ," ಎಂದಳು. ಓಣಿಯೆಲ್ಲ ನಕ್ಕಿತು. ಅಕ್ಕ ಕೂಡ ಸೆರಗು ಅಡ್ಡ ಹಿಡಿದು ನಕ್ಕಳು. ನಾನು ಕಂಬದ ಮರೆಗೆ ಸರಿದೆ. ಕಿವಿಯೆರಡೂ ಕಾದ ಹಂಚಿನಂತಾಗಿದ್ದವು.

ಅಪ್ಪ ನಗಲಿಲ್ಲ, ನನ್ನನ್ನು ಹೊಡೆಯಲೂ ಇಲ್ಲ. ಅತ್ತೆಯ ಕಡೆ ತಿರುಗಿ ಸಣ್ಣ ದನಿಯಲ್ಲಿ, "ನಾ ನಿನಗ ಹೇಳದನ ಅಪ್ಪನ್ನ ಮಣ್ಣ ಮಾಡ್ತೇನಿ ಅಂತ ನೀ ನಂಬಿದೆಲ್ಲವಾ," ಎಂದ. ಅತ್ತೆ ತಲೆ ತಗ್ಗಿಸಿದಳು. ಓಣಿಯ ನಗು ಅಲ್ಲಿಗೇ ನಿಂತಿತು. ಇಬ್ಬರ ನಡುವೆ ಅಂಥ ಮಾತು ಬರುವಂತೆ ಮಾಡಿದವನು ನಾನು. ಆ ಎರಡು ಮುಖಗಳನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಅಪ್ಪ ಒಳಗೆ ಬಂದು ಹೊಸ್ತಿಲ ಮೇಲಿದ್ದ ನನ್ನ ವಹಿಯನ್ನು ಎತ್ತಿಕೊಂಡು ಅಡುಗೆಮನೆಯ ಕಡೆ ನಡೆದ. ಒಲೆ ಉರಿಯುತ್ತಿತ್ತು. ವಹಿ ಒಲೆಗೆ ಬಿದ್ದರೆ ನನ್ನ ಚಿತ್ರದ ಕಲಿಕೆಯೂ ಅದರೊಂದಿಗೇ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ತಡೆಯುವ ಮುಖವಿರಲಿಲ್ಲ.

"ತಡಿ," ಎಂದ ಅಜ್ಜ. "ನನ್ನ ಹೆಣಾ ನಾನೂ ಒಂದ್ಸಲ ನೋಡತೇನಿ. ಯಾರಿಗೆ ಸಿಗ್ತೈತಿ ಇದು?"

ಹಾಳೆಯನ್ನು ಮುಖದ ಹತ್ತಿರ ತಂದು ಬಹಳ ಹೊತ್ತು ನೋಡಿದ. ವಹಿಯನ್ನೂ ಕೇಳಿ ಪಡೆದು ಪುಟ ತಿರುವಿದ. ಒಂದು ಚಿತ್ರದಲ್ಲಿ ಅಕ್ಕ ಅಕ್ಕಿ ಆರಿಸುತ್ತ ಕೆಳಗೆ ನೋಡುತ್ತಿದ್ದಳು. ಇನ್ನೊಂದರಲ್ಲಿ ಅವ್ವ ಬೆನ್ನು ಮಾಡಿ ಕುಳಿತಿದ್ದಳು. ಅಪ್ಪನ ಬರೀ ಕಿವಿ ಇತ್ತು. "ಎಲ್ಲಾರೂ ಆ ಕಡೆ ಈ ಕಡೆ ನೋಡಾಕತ್ತಾರಲ್ಲೋ. ಒಬ್ಬರಿಗೂ ಕಣ್ಣಿಲ್ಲ?"

"ಕಣ್ಣ ತಗಿಯಾಕ ಬರೂದಿಲ್ಲರಿ ಅಜ್ಜಾ," ಎಂದೆ. ಓಣಿಯವರೆದುರು ಅದನ್ನು ಹೇಳುವುದು ಏಟು ತಿನ್ನುವುದಕ್ಕಿಂತ ಕಷ್ಟವಾಯಿತು. ಇಷ್ಟು ದಿನ ಜಾಣನೆಂದು ಮೆರೆದಿದ್ದೆ.

"ನೋಡಿದ್ರ ಬರತೈತಿ. ಕೂಡತೇನಿ, ತಗಿ. ಈ ಸಲ ಜೀವಂತ ತಗಿ. ನನ್ನ ಮಗಳು ಮೂಡಲಗಿಗೆ ಒಯ್ಯಾಕ ಬೇಕು."

ಅಜ್ಜ ಅದೇ ಗೋಡೆಗೆ ಕುಳಿತ. ತಲೆ ತಗ್ಗಿಸಿಯೇ ಅಳತೆಗೆ ಪೆನ್ಸಿಲು ಚಾಚಿದೆ. ದಾರದ ಚೌಕಟ್ಟು ಇರಲಿಲ್ಲ. "ತಲಿ ಎತ್ತು," ಎಂದ. ಎತ್ತಿದೆ. ಹುಟ್ಟಿದಂದಿನಿಂದ ಒಂದೇ ಮನೆಯಲ್ಲಿದ್ದರೂ ಅಜ್ಜನ ಕಣ್ಣನ್ನು ನಾನು ನೋಡಿದ್ದು ಅದೇ ಮೊದಲು. ಬಲಗಣ್ಣು ಕಂದು ಬಣ್ಣದ್ದು, ಸುತ್ತ ನಗೆಯ ಗೆರೆಗಳು. ಎಡಗಣ್ಣಿನ ನಡುವೆ ಕರಿಯ ಬೊಟ್ಟು ಇರಲಿಲ್ಲ, ಹಾಲಿನ ಕೆನೆಯಂಥ ಬಿಳುಪು ಇತ್ತು. ನಾನು ಪೆನ್ಸಿಲನ್ನು ಆ ಕಡೆ ಸರಿಸಿದೆ. ಅದು ಕಾಣದೆ ಅಜ್ಜ ತಲೆಯನ್ನೇ ಹೊರಳಿಸಿ ಬಲಗಣ್ಣಿನಿಂದ ಹುಡುಕಿದ. ಏನು ಮಾಡಬೇಕೋ ತಿಳಿಯದೆ ಕಂಡದ್ದನ್ನು ಕಂಡಂತೆ ಬರೆದೆ.

ಮೊದಲು ಅತ್ತೆಯೇ ಇಣುಕಿದಳು. "ಈ ಕಣ್ಣ ಯಾಕ ಖಾಲಿ ಬಿಟ್ಟಿ ತಮ್ಮಾ?"

"ಖಾಲಿ ಬಿಟ್ಟಿಲ್ಲರಿ. ಹಂಗ ಐತಿ."

ಅತ್ತೆ ಚಿತ್ರ ನೋಡಿದಳು, ಅಜ್ಜನನ್ನು ನೋಡಿದಳು. ಅಪ್ಪ ಬಂದು ಅಜ್ಜನ ಮುಂದೆ ಮೊಣಕಾಲೂರಿ ಕುಳಿತ. ಅವನೂ ಅಷ್ಟು ಹತ್ತಿರದಿಂದ ತನ್ನ ತಂದೆಯ ಮುಖವನ್ನು ನೋಡಿ ಎಷ್ಟು ಕಾಲವಾಗಿತ್ತೋ.

"ಪರೆ ಬಂದೈತಿ," ಎಂದ ಅಜ್ಜ, ಮಳೆ ಬಂದೈತಿ ಅನ್ನುವಷ್ಟು ಹಗುರಾಗಿ. "ಹೋದ ವರ್ಷದಿಂದ ಅದರಾಗ ಏನೂ ಕಾಣೂದಿಲ್ಲ. ಒಂದರಾಗ ನಡೀತೈತಿ ಬಿಡು."

ಅಜ್ಜ ಎಡಗಡೆಯ ಬಾಗಿಲಿಗೆ ಭುಜ ತಾಗಿಸಿಕೊಂಡಾಗಲೆಲ್ಲ ನಾವು ನಕ್ಕಿದ್ದೆವು. ಎಡಕ್ಕಿಟ್ಟ ನೀರಿನ ತಂಬಿಗೆಯನ್ನು ಅವನು ಮುಟ್ಟದಿದ್ದರೆ ಸಿಟ್ಟಾಗಿದ್ದಾನೆ ಎಂದುಕೊಂಡಿದ್ದೆವು. ಅಷ್ಟು ಹೊತ್ತು ನಾನೊಬ್ಬನೇ ಹೊತ್ತಿದ್ದ ನಾಚಿಕೆ ಈಗ ಪಡಸಾಲೆಯಲ್ಲಿದ್ದ ಎಲ್ಲರ ಮುಖದ ಮೇಲೂ ಇತ್ತು. ಅದರಿಂದ ನನ್ನ ಪಾಲು ಹಗುರಾಗಲಿಲ್ಲ. ಓಣಿಯವರು ಒಬ್ಬೊಬ್ಬರಾಗಿ ಹೊರಟು ಹೋದರು. ಅಪ್ಪ ವಹಿಯನ್ನು ನನ್ನ ತೊಡೆಯ ಮೇಲಿಟ್ಟು, ಅಂಗಳಕ್ಕೆ ಹೋಗಿ, ಆರಿಸಿದ ಉಳ್ಳಾಗಡ್ಡೆಯನ್ನೇ ಮತ್ತೆ ಆರಿಸುತ್ತ ಕುಳಿತ.

ಅತ್ತೆ ಆ ಚಿತ್ರವನ್ನು ಒಯ್ದಳು. ದೀಪಾವಳಿಯ ಮುಂದೆ ಅಪ್ಪ ಅಜ್ಜನನ್ನು ಮಿರಜಿನ ದವಾಖಾನೆಗೆ ಕರೆದೊಯ್ದು ಕಣ್ಣು ತೋರಿಸಿದ. ತಡವಾಗಿತ್ತು. ಎಡಗಣ್ಣಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂದು ತಿಳಿಯುವಷ್ಟು ಮಾತ್ರ ಬಂತು.

ಈಗ ಮೊಮ್ಮಕ್ಕಳು ನೀವು ನನ್ನ ಫೋಟೋ ತೆಗೆಯುವುದು ನನಗೆ ಗೊತ್ತೇ ಆಗುವುದಿಲ್ಲ. ಊಟ ಮಾಡುವಾಗ, ಆಕಳಿಸುವಾಗ, ಬರೀ ಬನಿಯನ್ನಿನಲ್ಲಿ ಕುಳಿತಾಗ ತೆಗೆದು ನಗುತ್ತೀರಿ. ನನ್ನೆದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, "ನೀ ಸುಳ್ಳ ಹೇಳ್ತಿ ಅಜ್ಜಾ," ಎಂದು ಜಗಳಾಡುತ್ತೀರಿ. ನಿಮ್ಮ ಅಪ್ಪ, "ದೊಡ್ಡವರನ್ನ ಹಂಗ ನೋಡಬಾರದು," ಎಂದು ಗದರಿದರೆ ನಾನು ಅವನನ್ನೇ ಗದರುತ್ತೇನೆ. ಮೊನ್ನೆ ನಿಮ್ಮಲ್ಲಿ ಸಣ್ಣವಳು ನನ್ನ ತೊಡೆ ಏರಿ, ಎರಡೂ ಕೈಯಿಂದ ನನ್ನ ಗಲ್ಲ ಹಿಡಿದು, "ಅಜ್ಜಾ, ನಿನ್ನ ಈ ಕಣ್ಣ ಕೆಂಪಗಾಗೈತಿ. ಔಷಧ ಹಾಕ್ಕೊಂಡಿಲ್ಲ," ಎಂದಳು. ಖರೆ ಹೇಳಿದ್ದಳು, ಮರೆತಿದ್ದೆ. ಅವಳು ಹಿಡಿದ ಗಲ್ಲ ಬಿಡುವವರೆಗೂ ನಾನು ಅಲುಗದೆ ಕುಳಿತಿದ್ದೆ.