ಭದ್ರಾವತಿಯ ಮೇಸ್ತ್ರಿ ಮತ್ತು ನಮ್ಮ ಹಳೇ ಪಿಕಪ್

ಗೇರ್ ಲಿವರಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದರೆಂದರೆ ಮೇಸ್ತ್ರಿಯ ದಪ್ಪ ಹುಬ್ಬುಗಳು ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು. ಗ್ರೀಸು ಕೂತು ಕಪ್ಪಾದ ಬೆರಳುಗಳು ಲಿವರಿನ ನಡುಕವನ್ನು ಕೇಳಿಸಿಕೊಳ್ಳುತ್ತಿದ್ದವು. ಹಾಗೆಂದೇ ಹೇಳಬೇಕು, ಯಾವುದೋ ಜ್ವರದಲ್ಲಿ ಅವರ ಎರಡೂ ಕಿವಿ ಹೋಗಿದ್ದವು. ಭದ್ರಾವತಿಯಲ್ಲಿ ಅವರದೊಂದು ತಗಡಿನ ಗ್ಯಾರೇಜು. ಮನೆಮಾತು ತಮಿಳು. ನನ್ನನ್ನು ಕೊನೆಯವರೆಗೂ ‘ತಂಗಚ್ಚಿ’, ಅಂದರೆ ತಂಗಿ, ಎಂದೇ ಕರೆದರು.

ನಾನು ಅಲ್ಲಿಗೆ ಮೊದಲು ಹೋದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನನ್ನ ಗಂಡ ಕಾಮಾಲೆಯಿಂದ ತೀರಿಕೊಂಡು ವರ್ಷ ತುಂಬಿರಲಿಲ್ಲ. ಶಿವಮೊಗ್ಗದ ವಿದ್ಯಾನಗರದಲ್ಲಿ ಬಾಡಿಗೆ ಮನೆ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಗಂಡ ಬಿಟ್ಟುಹೋದ, ನಾಲ್ಕೂ ಚಕ್ರ ಎಳೆಯುವ ಒಂದು ಫೋರ್‌ವೀಲ್ ಪಿಕಪ್. ಸಕ್ರೆಬೈಲಿನಿಂದಾಚೆ ಕಾಡಂಚಿನ ಊರುಗಳಿಗೆ ಕರೆಂಟ್ ಲೈನಿನ ತಂತಿ, ಸಾಮಾನು ಸಾಗಿಸುವ ಅವರ ಕೆಲಸವನ್ನು ನಾನು ಡ್ರೈವರ್ ಇಟ್ಟುಕೊಂಡು ಮುಂದುವರಿಸಿದ್ದೆ. ಮಳೆ ಹಿಡಿದದ್ದೇ ತಡ, ಗಾಡಿ ಏರಿನಲ್ಲಿ ಹೂತು ನಿಂತಿತು. ಫೋರ್‌ವೀಲ್ ಲಿವರ್ ಹಾಕಿದರೂ ಮುಂದಿನ ಚಕ್ರಗಳು ಎಳೆಯಲೊಲ್ಲವು. ಹಿಂದಿನವು ಸುಮ್ಮನೆ ಕೆಸರು ಎರಚುತ್ತಿದ್ದವು. ಗಾಡಿ ಬೇಗ ಸರಿಯಾಗದಿದ್ದರೆ ಕೆಲಸ ಬೇರೆಯವರಿಗೆ ಕೊಡುವುದಾಗಿ ಕಂಟ್ರಾಕ್ಟರು ಹೇಳಿ ಕಳಿಸಿದರು.

“ಫೋರ್‌ವೀಲಿನ ಗೇರ್ ಬಾಕ್ಸೇ ಹೋಗಿರುತ್ತೆ. ಇನ್ನು ಅದು ಗುಜರಿಗೇ ಸೈ,” ಎಂದರು ನನ್ನ ಗಂಡನ ಅಣ್ಣ. “ಬೇರೆಯವರಿಗೆ ಯಾಕೆ, ನಾನೇ ತಗೋತೀನಿ. ಹೆಂಗಸಿಗೆ ಈ ಕೆಲಸ ಯಾಕಮ್ಮ?”

ಮಾರುವ ಮೊದಲು ಒಮ್ಮೆ ತೋರಿಸೋಣ ಎಂದು ನಾನು ಹಟ ಹಿಡಿದೆ. ಭಾವನೂ ಜೊತೆಗೆ ಬಂದರು.

ಮೇಸ್ತ್ರಿ ಗಾಡಿಯನ್ನು ಗ್ಯಾರೇಜಿನ ಹಿಂದಿನ ಮಣ್ಣಿನಲ್ಲಿ ಒಂದು ಸುತ್ತು ಓಡಿಸಿ ಬಂದು ಇಳಿದರು. ಭಾವ ಅವರ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದೊಯ್ದು ಏನೋ ಪಿಸುಗುಟ್ಟಿದರು. ಮೇಸ್ತ್ರಿಯ ದನಿ ಇಡೀ ಗ್ಯಾರೇಜಿಗೆ ಕೇಳಿಸಿತು.

“ಏನಂದ್ರಿ ಸಾರ್? ಬಾಕ್ಸ್ ಹೋಗಿದೆ ಅಂತ ಈಯಮ್ಮನಿಗೆ ಹೇಳ್ಬೇಕಾ? ಸ್ವಲ್ಪ ಜೋರಾಗಿ ಹೇಳಿ, ನಂಗೆ ಕಿವಿ ಕೇಳ್ಸಲ್ಲ.”

ಕೆಲಸದಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು. ಭಾವ ಟೀ ಕುಡಿದು ಬರುತ್ತೇನೆಂದು ಹೋದವರು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿಬಿಟ್ಟರು. ತುಟಿ ನೋಡಿಯೇ ಮೇಸ್ತ್ರಿಗೆ ಮಾತೆಲ್ಲ ತಿಳಿಯುತ್ತಿತ್ತೆಂದು ಅವರ ಹೆಂಡತಿ ಆಮೇಲೊಮ್ಮೆ ನಗುತ್ತಾ ಹೇಳಿದರು.

ಭಾವನ ಮಾತನ್ನು ಮೇಸ್ತ್ರಿ ಮತ್ತೆ ಎತ್ತಲೇ ಇಲ್ಲ. ಜಾಕ್ ಕೊಟ್ಟು ನಾಲ್ಕೂ ಚಕ್ರ ಎತ್ತಿ, ಮರದ ದಿಮ್ಮಿ ಇಟ್ಟು, ಇಂಜಿನ್ ಆರಿಸಿ ನ್ಯೂಟ್ರಲ್ ಮಾಡಿ, ಫೋರ್‌ವೀಲ್ ಲಿವರ್ ಹಾಕಿದರು. “ನಾನು ಹೇಳಿದ್ದು ನಂಬಬೇಡ ತಂಗಚ್ಚಿ. ಸೆರಗು ಸಿಕ್ಕಿಸ್ಕೊಂಡು ಬಾ, ನೀನೇ ತಿರುಗಿಸಿ ನೋಡು,” ಎಂದರು.

ಗಾಡಿಯಡಿ ಕೈಚಾಚಿ, ಮುಂದಿನ ಚಕ್ರಗಳ ಕಡೆಗೆ ಹೋಗುವ ಶಾಫ್ಟನ್ನು ಹಿಡಿದು ತಿರುಗಿಸಿದೆ. ಬಿಗಿಯಾಗಿತ್ತು. ಮತ್ತೆ ಜೋರು ಹಾಕಿದಾಗ ಹಿಂದಿನ ಒಂದು ಚಕ್ರ ಮೆಲ್ಲಗೆ ತಿರುಗಿತು.

“ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ಗಂಟು ಬಿದ್ದಿದೆ. ಅಂದ್ರೆ ಬಾಕ್ಸ್ ಚೆನ್ನಾಗಿದೆ. ಈಗ ಮುಂದಿನ ಚಕ್ರ ನೋಡು, ಅಲ್ಲಾಡ್ತಾ?”

ಅಲ್ಲಾಡಿರಲಿಲ್ಲ. ಹಾಗಾದರೆ ತೊಂದರೆ ಶಾಫ್ಟಿನಿಂದ ಆಚೆ, ಚಕ್ರದ ಹತ್ತಿರವೇ ಇದೆ ಎಂದು ಮುಂದಿನ ಬಲಚಕ್ರದ ನಡುವಿನ ಹಬ್ ಬಿಚ್ಚಿದರು. ನೀರು, ಕೆಸರು ಒಳಹೊಕ್ಕು ಗ್ರೀಸು ಕಲ್ಲಾಗಿತ್ತು. ಚಕ್ರವನ್ನು ಒಳಗಿನ ಆಕ್ಸಲಿಗೆ ಕಚ್ಚಿಸುವ ಹಲ್ಲಿನ ಬಳೆ ಅದರಲ್ಲಿ ಸಿಕ್ಕಿಹಾಕಿಕೊಂಡಿತ್ತು. “ಒಂದು ಕಡೆ ಕಚ್ಚದಿದ್ರೆ ಇನ್ನೊಂದು ಕಡೆಯದೂ ಎಳೆಯಲ್ಲ,” ಎನ್ನುತ್ತಾ ಡೀಸೆಲಿನಲ್ಲಿ ತೊಳೆದು, ಹೊಸ ಗ್ರೀಸು ತುಂಬಿ ಕೂರಿಸಿದರು. ಸಂಜೆಗೆ ಅದೇ ಮಣ್ಣಿನಲ್ಲಿ ನಾಲ್ಕೂ ಚಕ್ರ ಎಳೆದವು. ಗಂಡ ಹೋದ ಮೇಲೆ ಮನೆಯಾಚೆ ನಾನು ಅತ್ತದ್ದು ಅಂದೇ.

“ಅಳೋದು ಆಮೇಲೆ. ಡ್ರೈವಿಂಗ್ ಕಲಿ,” ಎಂದರು ಮೇಸ್ತ್ರಿ. ಅವರ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಭಾನುವಾರಗಳಂದು ಅವರಿಂದಲೇ ಕಲಿತೆ. ಯಾವ ತೊಂದರೆ ಹೊತ್ತು ಹೋದರೂ ಮೇಸ್ತ್ರಿಯದು ಒಂದೇ ಮಾತು: “ಯಾರೋ ಅಂದದ್ದು ಬೇಡ, ನಿನ್ನ ಕೈಗೆ ಏನು ಗೊತ್ತಾಯ್ತು, ಅದನ್ನ ಹೇಳು.” ಒಮ್ಮೆ ಮುಂದಕ್ಕೆ ಮಾತ್ರ ಹೊಸ ಟೈರ್ ಹಾಕಿಸಿ, ಟಾರ್ ರಸ್ತೆಗೆ ಬಂದ ಮೇಲೂ ಫೋರ್‌ವೀಲ್ ಬಿಡಿಸದೆ ಓಡಿಸಿದ್ದೆ. ಲಿವರ್ ಕೀಳಲು ಬಾರದಂತೆ ಕಚ್ಚಿಕೊಂಡಿತು. ಅವರು ಗಾಡಿಯನ್ನು ಸ್ವಲ್ಪ ರಿವರ್ಸ್ ತಗೊಂಡರು. ಲಿವರ್ ತಾನಾಗಿ ಸಡಿಲಾಯಿತು. “ಮುಂದಿನದು ಒಂದು ಸೈಜು, ಹಿಂದಿನದು ಸವೆದು ಇನ್ನೊಂದು ಸೈಜು. ಒಳಗೆ ಜಗಳ ಆಗ್ದೆ ಇರುತ್ತಾ ಮಾರಾಯ್ತಿ?” ಎಂದು ಬೈದರು.

ಆ ಗಾಡಿಯ ದುಡಿಮೆಯಲ್ಲೇ ಮಕ್ಕಳು ಓದಿದರು. ದೊಡ್ಡವಳು ನರ್ಸ್ ಆದಳು.

ಮೇಸ್ತ್ರಿ ತೀರಿಕೊಂಡದ್ದು ಒಂದು ಆಷಾಢದಲ್ಲಿ. ನಾನು ಫೋನಿಗೆ ಸಿಗದ ಗುಡ್ಡದಲ್ಲಿದ್ದೆ. ಭದ್ರಾವತಿ ತಲುಪುವಾಗ ಎಲ್ಲ ಮುಗಿದಿತ್ತು. ಅವರ ಹೆಂಡತಿ ನನ್ನ ಕೈ ಹಿಡಿದು ಕೂತರು. ಹಾಸಿಗೆ ಹಿಡಿದ ಮೇಲೂ ಮಳೆ ಜೋರಾದಾಗಲೆಲ್ಲ ಮೇಸ್ತ್ರಿ, “ತಂಗಚ್ಚಿ ಗುಡ್ಡದಿಂದ ಇಳಿದ್ಳಾ?” ಎಂದು ಕೇಳುತ್ತಿದ್ದರಂತೆ. ಗೊತ್ತಿಲ್ಲದಿದ್ದರೂ ಹೆಂಡತಿ, ಇಳಿದಳು ಎಂದು ತಲೆ ಆಡಿಸುತ್ತಿದ್ದರಂತೆ. ಆಮೇಲಷ್ಟೇ ಅವರಿಗೆ ನಿದ್ದೆ.

ನನಗೆ ಒಡಹುಟ್ಟಿದ ಅಣ್ಣಂದಿರು ಇಬ್ಬರಿದ್ದಾರೆ, ಒಳ್ಳೆಯವರೇ. ಆದರೂ ಅಣ್ಣ ಎಂದು ಯಾರಾದರೂ ಅಂದಾಗ ನನಗೆ ಮೊದಲು ನೆನಪಾಗುವವರು ಮೇಸ್ತ್ರಿ.